ಇಪ್ಪತ್ತೆಂಟು ಪ್ಲಾಟ್‌ಫಾರ್ಮ್ ದೂರ

ಶುಕ್ರವಾರ

ರಾತ್ರಿ ಮೈಸೂರಿನಲ್ಲಿ ರೈಲು ಹತ್ತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಕಿಟಕಿಯಾಚೆ ಕರಿಮಣ್ಣಿನ ಹೊಲ, ಕಡಲೆ ಗಿಡ, ಅದರ ಮೇಲೆ ಇಬ್ಬನಿ. ಧಾರವಾಡದಲ್ಲಿ ಇಳಿದ ಕೂಡಲೇ ಡಿಸೆಂಬರ್ ಚಳಿ ಕಿವಿ ಹಿಡಿಯಿತು. ಓಡೋದಕ್ಕೆ ಇದಕ್ಕಿಂತ ಒಳ್ಳೆ ಹವೆ ಬೇಕಾ ಅಂತ ಮೇಷ್ಟ್ರು ಅಂಗೈ ಉಜ್ಜಿಕೊಂಡರು.

ಬಂದವರು ಮೂವರು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಡಾಕ್ಟರಮ್ಮ ದನಗಳ ಡಾಕ್ಟರು. ಮೂರನೆಯವನು ನಾನು. ನಮ್ಮ ನಾಲ್ಕನೆಯ ಗೆಳೆಯ ಧಾರವಾಡದವನು. ಕೆಲಸದ ಮೇಲೆ ಮೈಸೂರಿನಲ್ಲಿದ್ದಾಗ ಐದು ವರ್ಷ ನಮ್ಮ ಜೊತೆ ಕುಕ್ಕರಹಳ್ಳಿ ಕೆರೆ ಸುತ್ತ ಓಡಿದ. ಊರಿಗೆ ವಾಪಸ್ ಹೋಗುವಾಗ ನಮ್ಮಿಂದ ಒಂದು ಮಾತು ತೆಗೆದುಕೊಂಡಿದ್ದ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಹತ್ತಿರ ಹತ್ತಿರ ಒಂದು ಮ್ಯಾರಥಾನ್. ಅದನ್ನು ನಾಲ್ವರೂ ಸೇರಿ ಒಮ್ಮೆ ಓಡಬೇಕು. ಎದೆಗೆ ಅಂಟಿಸೋ ನಂಬರ್ ಚೀಟಿ ಇಲ್ಲ, ಪದಕ ಇಲ್ಲ, ಚಪ್ಪಾಳೆ ತಟ್ಟೋರೂ ಇಲ್ಲ. ನಮಗೆ ನಾವೇ. ಎರಡು ತಿಂಗಳ ಹಿಂದೆ ಅವನ ಮೊಣಕಾಲು ಕೈಕೊಟ್ಟಿತು. ಮುಂದಕ್ಕೆ ಹಾಕೋಣ ಅಂದರೆ ಒಪ್ಪಲಿಲ್ಲ. "ನೀವು ಬರ್ರಿ. ನಾ ಸ್ಕೂಟರ್ ಮ್ಯಾಲೆ ನೀರು ಹಿಡಕೊಂಡು ಜೋಡಿ ಬರ್ತೀನಿ" ಅಂದ.

ನನಗೆ ಇದರಲ್ಲಿ ಇನ್ನೊಂದು ಆಸೆ ಇತ್ತು. 42.195 ಕಿಲೋಮೀಟರನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಕಳೆದ ವರ್ಷ ಬೆಂಗಳೂರಿನಲ್ಲಿ 4 ಗಂಟೆ 17 ನಿಮಿಷ 40 ಸೆಕೆಂಡ್ ತೆಗೆದುಕೊಂಡಿದ್ದೆ. ನಾಲ್ಕು ಗಂಟೆ ಅಂದರೆ ಒಂದು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್, ಅದನ್ನು 42 ಸಲ ತಪ್ಪದೆ ಮಾಡಬೇಕು. ಐದು ತಿಂಗಳು ಬೆಳಗಿನ ನಾಲ್ಕೂವರೆಗೆ ಎದ್ದದ್ದು ಅದಕ್ಕೆ. ಸಮಯದ ಹಿಂದೆ ಬಿದ್ದರೆ ಓಟದ ಖುಷಿ ಹೋಗುತ್ತೆ ಅನ್ನೋರು ಇದ್ದಾರೆ. ನನಗೆ ಹಾಗನ್ನಿಸಿಲ್ಲ. ಸಮಯ ಇಟ್ಟುಕೊಂಡಾಗಲೇ ರಸ್ತೆಯ ಒಂದೊಂದು ಉಬ್ಬೂ ತಗ್ಗೂ ಕಾಲಿಗೆ ಗೊತ್ತಾಗೋದು.

ಗೆಳೆಯನ ಅವ್ವ ಮಧ್ಯಾಹ್ನ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು ಬಡಿಸಿದರು. ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ರೊಟ್ಟಿ ಬಡಿಯೋ ಸದ್ದು ಅಡುಗೆಮನೆಯಿಂದ ಬರುತ್ತಲೇ ಇತ್ತು, ತಟ್ಟೆಗೆ ರೊಟ್ಟಿ ಬೀಳುತ್ತಲೇ ಇತ್ತು. ಡಾಕ್ಟರಮ್ಮ ಮೂರು ರೊಟ್ಟಿಗೆ ನಮ್ಮನ್ನು ತಡೆದರು. ಜೋಳದಲ್ಲಿ ನಾರು ಜಾಸ್ತಿ. ಇವತ್ತು ಪರವಾಗಿಲ್ಲ, ನಾಳೆ ಮಧ್ಯಾಹ್ನದ ಮೇಲೆ ಬೇಡ ಅಂದರು. ಅವ್ವನಿಗೆ ಇದು ಬೇಸರ ಆಗುತ್ತೇನೋ ಅಂದುಕೊಂಡೆ. ಅವರು ಒಂದು ಕ್ಷಣ ಯೋಚಿಸಿ, "ಹಂಗಾರ ನಾಳೆ ಗೋದಿ ಹುಗ್ಗಿ ಮಾಡ್ತೀನಿ ತಗೋರಿ" ಅಂದರು. ಕುಟ್ಟಿದ ಗೋಧಿ, ಬೆಲ್ಲ, ಸ್ವಲ್ಪ ಹಾಲು. ಓಟದ ಹಿಂದಿನ ದಿನಕ್ಕೆ ಇದಕ್ಕಿಂತ ಸರಿಯಾದ ಊಟ ಯಾವ ಪುಸ್ತಕದಲ್ಲೂ ಸಿಗಲ್ಲ.

ಸಂಜೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಅರ್ಧ ಗಂಟೆ ಸುಮ್ನೆ ಕಾಲಾಡಿಸಿದೆವು. ಆ ಗುಡ್ಡಕ್ಕೆ ಛೋಟಾ ಮಹಾಬಳೇಶ್ವರ ಅಂತ ಹೆಸರು. ಮೇಲೆ ನಿಂತರೆ ಊರು ಮರಗಳೊಳಗೆ ಮುಳುಗಿ ಕಾಣುತ್ತದೆ. ಧಾರವಾಡದಲ್ಲಿ ಓಡೋ ಅಭ್ಯಾಸ ಇರೋರಿಗೆ ಇದೇ ಜಾಗ. ಏರಿಳಿತ ಬೇಕಾದಷ್ಟಿದೆ, ವಾಹನ ಕಡಿಮೆ.

ಶನಿವಾರ

ಬೆಳಿಗ್ಗೆ ದಾರಿ ನೋಡಿಕೊಂಡು ಬರೋಣ ಅಂತ ಚಿಗರಿ ಬಸ್ ಹತ್ತಿದೆವು. ಎರಡು ಊರಿನ ನಡುವೆ ತನ್ನದೇ ಬೇಲಿ ಹಾಕಿದ ದಾರಿಯಲ್ಲಿ ಓಡುವ ಎಸಿ ಬಸ್ಸು. ಹೆಸರಿಗೆ ತಕ್ಕ ಹಾಗೆ ಚಿಗರಿಯೇ, ಅಂದರೆ ಜಿಂಕೆಯೇ. ಟೋಲ್‌ನಾಕಾ, ವಿದ್ಯಾಗಿರಿ, ಸತ್ತೂರು, ನವಲೂರು, ರಾಯಾಪುರ, ನವನಗರ, ಭೈರಿದೇವರಕೊಪ್ಪ, ಉಣಕಲ್ಲು ಎಲ್ಲಾ ಕಿಟಕಿಯಲ್ಲಿ ಸರಸರ ಹಿಂದೆ ಹೋದವು. ನಾನು ನೋಡಬೇಕು ಅಂದುಕೊಂಡಿದ್ದು ಒಂದೇ: ದಾರಿ ಎಲ್ಲಿ ಏರುತ್ತೆ? ಕೂತಲ್ಲಿಂದ ಗೊತ್ತೇ ಆಗಲಿಲ್ಲ. ಪಕ್ಕದ ಸೀಟಿನವರನ್ನು ಕೇಳಿದೆ. "ಎಲ್ಲಾ ಸಪಾಟ ಐತ್ರಿ" ಅಂದರು. ನಮ್ಮ ಗೆಳೆಯನೂ ಸಪಾಟ ಅಂದ. ಅವನು ಈ ದಾರಿಯಲ್ಲಿ ಸಾವಿರಾರು ಸಲ ಓಡಾಡಿದ್ದಾನೆ, ಎಲ್ಲಾ ಸಲ ಗಾಡಿಯ ಮೇಲೆ.

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ ನೋಡಲೇಬೇಕು ಅಂತ ಮೇಷ್ಟ್ರು ಪಟ್ಟು ಹಿಡಿದಿದ್ದರು. ಸಿದ್ಧಾರೂಢ ಸ್ವಾಮೀಜಿ ಹೆಸರಿನ ಈ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದದ್ದು ಅಂತ ಗಿನ್ನೆಸ್ ದಾಖಲೆ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ನಿಧಾನಕ್ಕೆ ನಡೆದೆವು. ಆ ತುದಿ ಈ ತುದಿಗೆ ಕಾಣುವುದೇ ಇಲ್ಲ. ಚಾವಣಿ ಮುಗಿದು, ಬೆಂಚು ಮುಗಿದು, ಜನ ಮುಗಿದು, ಕೊನೆಗೆ ಬರೀ ಕಲ್ಲು ಹಾಸು ಮತ್ತು ಹಳಿ. ಅಲ್ಲಿ ನಿಂತು ಮೇಷ್ಟ್ರು ಮೊಬೈಲಿನಲ್ಲಿ ಲೆಕ್ಕ ಒತ್ತಿದರು. ಆಮೇಲೆ ಮತ್ತೊಮ್ಮೆ ಒತ್ತಿದರು. 1,507ನ್ನು 28ರಿಂದ ಗುಣಿಸಿದರೆ 42,196. ಮ್ಯಾರಥಾನ್ 42,195 ಮೀಟರ್. ಒಂದೇ ಒಂದು ಮೀಟರ್ ವ್ಯತ್ಯಾಸ!

"ನಾಳೆ ನೀವು ಓಡೋದು 28 ಪ್ಲಾಟ್‌ಫಾರ್ಮ್" ಅಂದರು. "ಒಂದಕ್ಕೆ 8 ನಿಮಿಷ 34 ಸೆಕೆಂಡ್. ಅಷ್ಟೇ." ನನಗೆ ಇದು ಬಹಳ ಹಿಡಿಸಿತು. 42 ಅನ್ನೋದು ತಲೆಯಲ್ಲಿ ಹಿಡಿಯಲ್ಲ, 28 ಹಿಡಿಯುತ್ತೆ. ಒಂದನ್ನು ಈಗಷ್ಟೇ ನಡೆದು ನೋಡಿಯೂ ಆಗಿತ್ತು.

ವಾಪಸ್ ಬರುವಾಗ ನವಲೂರಿನಲ್ಲಿ ಇಳಿದೆವು. ನವಲೂರಿನ ಪೇರಲಕ್ಕೆ ಈ ಕಡೆ ಬಹಳ ಹೆಸರು. ಮೈಸೂರಿನಲ್ಲಿ ನಾವು ಸೀಬೆ ಅನ್ನೋದನ್ನೇ ಇಲ್ಲಿ ಪೇರಲ ಅನ್ನುತ್ತಾರೆ. ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದರು. ಬಿಳಿ ಟೋಪಿ, ಹೆಗಲ ಮೇಲೆ ಟವೆಲ್ಲು. ಹಣ್ಣನ್ನು ಎರಡು ಹೋಳು ಮಾಡಿ ಉಪ್ಪು ಖಾರ ಹಚ್ಚಿ ಕೊಟ್ಟರು. ತಿರುಳು ಬೆಳ್ಳಗೆ, ಮೇಲೆ ಖಾರದ ಕೆಂಪು. ಕಚ್ಚಿದರೆ ಕರುಂ ಅನ್ನುತ್ತಿತ್ತು. ನಾಳೆ ಓಡುವ ವಿಷಯ ಹೇಳಿ, ಸುಮ್ನೆ ಮಾತಿಗೆ ಅಂತ, ದಾರಿ ಸಪಾಟ ಅಲ್ವಾ ಅಜ್ಜ ಅಂದೆ.

ಅಜ್ಜ ಚಾಕು ಕೆಳಗಿಟ್ಟರು. "ಯಾರ್ ಹೇಳಿದ್ರು ಸಪಾಟ ಅಂತ?"

ಅವರು ವಯಸ್ಸಿನಲ್ಲಿದ್ದಾಗ ಪೇರಲ ಬುಟ್ಟಿ ಸೈಕಲ್ಲಿಗೆ ಕಟ್ಟಿಕೊಂಡು ಹುಬ್ಬಳ್ಳಿ ಪ್ಯಾಟಿಗೆ ಹೋಗುತ್ತಿದ್ದರಂತೆ. "ಹೋಗೂಮುಂದ ಬುಟ್ಟಿ ತುಂಬಿರ್ತಿತ್ತು, ದಾರಿ ಇಳಕಲ. ಪೆಡಲ ತುಳಿಯೂದ ಬ್ಯಾಡ. ಬರೂಮುಂದ ಏರು, ಆದ್ರ ಬುಟ್ಟಿ ಖಾಲಿ. ದೇವ್ರು ನಮಗ ಸರಿಯಾಗಿ ಮಾಡಿಟ್ಟಿದ್ದ. ನಿಮ್ದು ಉಲ್ಟಾ ಆಕ್ಕೈತಿ ನೋಡ್ರಿ. ಹೋಗೂಮುಂದ ಮೈಯಾಗ ಕಸುವು ತುಂಬಿರ್ತೈತಿ, ದಾರಿ ಇಳಕಲ. ಬರೂಮುಂದ ಕಸುವು ಖಾಲಿ, ಅವಾಗ ಏರು."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹುಬ್ಬಳ್ಳಿ ಧಾರವಾಡಕ್ಕಿಂತ ತಗ್ಗಿನಲ್ಲಿದೆ. ನಮ್ಮಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಹುಬ್ಬಳ್ಳಿಯಿಂದ ಹೊರಟು ಹುಬ್ಬಳ್ಳಿಯಲ್ಲೇ ಮುಗಿಸಿದ್ದರೆ ಏರು ಮೊದಲು ಮುಗಿದು ಹೋಗುತ್ತಿತ್ತು. ಆದರೆ ಓಟ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಮುಗಿಯಬೇಕು ಅನ್ನೋದು ಗೆಳೆಯನ ಹಳೇ ಆಸೆ. ಅವನು ಓಡಲಾಗದ ವರ್ಷ ಅದನ್ನೂ ಬದಲಿಸೋಕೆ ನಮಗೆ ಮನಸ್ಸು ಬರಲಿಲ್ಲ.

ಬರುವಾಗ ಎಲ್ಲಿ ಇಳಿದು ಸೈಕಲ್ ತಳ್ಳುತ್ತಿದ್ದಿರಿ ಅಂತ ಕೇಳಿದೆ. ಅಜ್ಜ ನಕ್ಕರು. "ಅದನ್ನ ಈಗ ಹೇಳೂದಿಲ್ಲ. ಓಡಿ ಬಂದು ನೀವ ಹೇಳ್ರಿ."

ರಾತ್ರಿ ಹುಗ್ಗಿ, ಅನ್ನ, ತಿಳಿಸಾರು. ಮೇಷ್ಟ್ರು ಶಿವನಾಥ್ ಸಿಂಗ್ ಕತೆ ಹೇಳಿದರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದವರು. ಆ ದಾಖಲೆಯನ್ನು ದಶಕಗಳ ಕಾಲ ನಮ್ಮ ದೇಶದ ಯಾರಿಂದಲೂ ಮುರಿಯಲಾಗಲಿಲ್ಲ. ಬರಿಗಾಲಲ್ಲೇ ಓಡಿ ಹೆಸರಾದವರು. ಅಂಥವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು ಹೇಳಿ. ಮೇಷ್ಟ್ರು ತಮ್ಮ ತರಗತಿಯಲ್ಲಿ ವೇಗದ ಲೆಕ್ಕಕ್ಕೆ ಈ ಅಂಕಿಯನ್ನೇ ಕೊಡುತ್ತಾರೆ. ಎಂಟೂವರೆಗೆ ದೀಪ ಆರಿಸಿದೆವು. ನಿದ್ದೆ ಬಂದಾಗ ಹನ್ನೊಂದು ದಾಟಿತ್ತು.

ಭಾನುವಾರ

ಜುಬಿಲಿ ಸರ್ಕಲ್‌ನಿಂದ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ಗೆ ಹೋಗಿ ಬಂದರೆ ಮ್ಯಾರಥಾನ್‌ಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಅದನ್ನು ಸರಿಮಾಡೋಕೆ ಮೊದಲು ಕರ್ನಾಟಕ ಕಾಲೇಜಿನ ಕಡೆ ಒಂದು ಸುತ್ತು ಹಾಕಿದೆವು. 4:30ಕ್ಕೆ ಹೊರಟಾಗ ಬೀದಿ ದೀಪದ ಸುತ್ತ ಮಂಜು ಕಟ್ಟಿತ್ತು. ಮೂವರಿಗೂ ಮಿನುಗುವ ಜಾಕೆಟ್. ಕತ್ತಲಲ್ಲಿ ಈ ರಸ್ತೆಯಲ್ಲಿ ಅದಿಲ್ಲದೆ ಓಡಬಾರದು. ಲಾರಿಗಳು ಬಹುಪಾಲು ಬೈಪಾಸ್ ಹಿಡಿಯುತ್ತವೆ, ಭಾನುವಾರ ಎಂಟು ಗಂಟೆಯವರೆಗೆ ಕಾರೂ ಕಡಿಮೆ. ಆದರೂ ಅಂಚು ಬಿಡಲಿಲ್ಲ. ಚಿಗರಿ ದಾರಿಯೊಳಗೆ ಕಾಲಿಡೋ ಹಾಗೇ ಇಲ್ಲ.

ಡಾಕ್ಟರಮ್ಮನ ಗುರಿ ನಾಲ್ಕೂವರೆ ಗಂಟೆ. ಟೋಲ್‌ನಾಕಾ ಹತ್ತಿರವೇ ಅವರು ತಮ್ಮ ಲಯಕ್ಕೆ ಹಿಂದೆ ಸರಿದರು. ನಾನೂ ಮೇಷ್ಟ್ರೂ ಜೊತೆಯಾಗಿ ಓಡಿದೆವು. ಕಿಲೋಮೀಟರಿಗೆ 5:41 ಅಂತ ಅಂದುಕೊಂಡವರು 5:30ರಲ್ಲಿ ಹೋಗುತ್ತಿದ್ದೆವು. ತಡೆದುಕೊಳ್ಳೋಣ ಅಂತ ಇಬ್ಬರೂ ಹೇಳುತ್ತಿದ್ದೆವು, ಇಬ್ಬರ ಕಾಲೂ ಕೇಳುತ್ತಿರಲಿಲ್ಲ. ಅಜ್ಜ ಹೇಳಿದ ಇಳಕಲು ಇದೇ. ಕಣ್ಣಿಗೆ ಕಾಣದ ಇಳಿಜಾರು, ಬೆನ್ನಿಗೆ ಯಾರೋ ಅಂಗೈ ಇಟ್ಟು ಮೆಲ್ಲಗೆ ನೂಕಿದ ಹಾಗೆ. ನವಲೂರಿನ ಮೇಲ್ಸೇತುವೆ ಇಳಿಯುವಾಗ ಉಸಿರು ಎಷ್ಟು ಹಗುರಾಗಿತ್ತು ಅಂದರೆ ಮಾತಾಡುತ್ತಾ ಓಡಬಹುದಿತ್ತು.

ನವನಗರ ದಾಟಿದ ಮೇಲೆ ನೀರಿನ ಸ್ಕೂಟರ್ ಕಾಣಲಿಲ್ಲ. ಫೋನ್ ಮಾಡಿದರೆ ಪಂಕ್ಚರ್ ಅಂದ. ಅಷ್ಟು ಹೊತ್ತಿಗೆ ಯಾವ ಅಂಗಡಿ ತೆರೆದಿರುತ್ತೆ? ಭೈರಿದೇವರಕೊಪ್ಪದ ಹತ್ತಿರ ಒಂದು ಚಹಾದ ಗಾಡಿಯವನು ಆಗಷ್ಟೇ ಒಲೆ ಹಚ್ಚುತ್ತಿದ್ದ. ನೀರು ಕೇಳಿದೆವು. ಸ್ಟೀಲ್ ತಂಬಿಗೆ ತುಂಬಿ ಕೊಟ್ಟ. ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹರಕಿ ಏನ್ರಿ?" ಅಂತ ಕೇಳಿದ. ಕೇಳಿದ ದನಿಯಲ್ಲಿ ಗೌರವ ಇತ್ತು. ಹೌದು ಅಂದೆ. ಸುಳ್ಳು ಹೇಳಿದ ಹಾಗೆ ಅನ್ನಿಸಲಿಲ್ಲ. ಐದು ತಿಂಗಳು ನಸುಕಿನಲ್ಲಿ ಎದ್ದದ್ದಕ್ಕೆ ಬೇರೆ ಹೆಸರು ನನಗೂ ಗೊತ್ತಿರಲಿಲ್ಲ. ಹೊರಡುವಾಗ ಒಂದು ಬೆಲ್ಲದ ಚೂರು ಕೈಗಿಟ್ಟ, ದುಡ್ಡು ತಗೊಳ್ಳಲಿಲ್ಲ.

ಉಣಕಲ್ ಕೆರೆ ಹತ್ತಿರ ಪೂರ್ವಕ್ಕೆ ಸ್ವಲ್ಪ ಬಿಳುಪು. ನೀರಿನ ಮೇಲಿನ ಗಾಳಿ ಬೆವರಿಗೆ ತಾಗಿ ಮೈ ಜುಮ್ಮೆಂದಿತು. ವಿದ್ಯಾನಗರ, ಹೊಸೂರು, ಆಮೇಲೆ ಚೆನ್ನಮ್ಮ ಸರ್ಕಲ್. ಕುದುರೆಯ ಮೇಲೆ ಕತ್ತಿ ಎತ್ತಿದ ಕಿತ್ತೂರು ಚೆನ್ನಮ್ಮನ ಸುತ್ತ ಒಂದು ಸುತ್ತು ಹಾಕಿ ತಿರುಗಿದೆವು. ಗಡಿಯಾರದಲ್ಲಿ 2 ಗಂಟೆ 1 ನಿಮಿಷ 30 ಸೆಕೆಂಡ್. ಅಲ್ಲಿಗೆ ಹತ್ತಿರ ಹತ್ತಿರ 22 ಕಿಲೋಮೀಟರ್. ನಮ್ಮ ಲೆಕ್ಕಕ್ಕಿಂತ ಮೂರು ನಿಮಿಷ ಮುಂದೆ ಇದ್ದೆವು. ಅಷ್ಟರಲ್ಲಿ ಸ್ಕೂಟರ್ ಕೂಡ ಬಂದು ಸೇರಿತು. ನಿಂಬೆ, ಉಪ್ಪು, ಬೆಲ್ಲ ಕದಡಿದ ನೀರು, ಅರ್ಧರ್ಧ ಬಾಳೆಹಣ್ಣು. ಗೆಳೆಯನ ಕೈಯೆಲ್ಲಾ ಗ್ರೀಸು.

ಏನೂ ಆಗಲ್ಲ ಅನ್ನಿಸಿದ್ದು ರಾಯಾಪುರದವರೆಗೆ. ಅಲ್ಲಿಗೆ 32 ಕಿಲೋಮೀಟರ್, 2 ಗಂಟೆ 58 ನಿಮಿಷ 45 ಸೆಕೆಂಡ್. ಇನ್ನು ಉಳಿದ ಹತ್ತು ಚಿಲ್ಲರೆ ಕಿಲೋಮೀಟರನ್ನು ಆರು ನಿಮಿಷಕ್ಕೊಂದರಂತೆ ಓಡಿದರೂ ಸಾಕಿತ್ತು. ಬಿಸಿಲು ಬೆನ್ನಿಗೆ ಬಿದ್ದಿತ್ತು. ಆಗ ತೊಡೆಯ ಮುಂಭಾಗ ಮೊದಲ ಸಲ ಮಾತಾಡಿತು. ನೋವು ಅನ್ನೋದಕ್ಕಿಂತ ಜಾಸ್ತಿ ಅದು ಬಿಗಿತ. ಒಣಗಿದ ಚರ್ಮದ ಹಗ್ಗವನ್ನು ಒಳಗಿಂದ ಯಾರೋ ಹುರಿಗೊಳಿಸಿದ ಹಾಗೆ. ಪ್ರತಿ ಹೆಜ್ಜೆ ಎತ್ತುವಾಗ ಕಾಲು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಮುಂದೆ ನೋಡಿದರೆ ರಸ್ತೆ ಸಪಾಟಾಗೇ ಕಾಣುತ್ತೆ. ಗಡಿಯಾರ ನೋಡಿದರೆ ಕಿಲೋಮೀಟರಿಗೆ 6:05, ಆಮೇಲೆ 6:20. ಬಸ್ಸಿನಿಂದ ಕಾಣದ ಏರು ಈಗ ಅಡಿ ಅಡಿಗೂ ಕಾಲಿನಲ್ಲಿತ್ತು.

ಮೇಷ್ಟ್ರು ನಿಧಾನ ಮಾಡಿದರು. ನನಗಾಗಿ ಅಂತ ಗೊತ್ತಾಯಿತು. ಅವರ ಗುರಿಯೂ ನಾಲ್ಕು ಗಂಟೆಯೇ. ಹೋಗಿ ಅಂದೆ. ಅವರು ಕೇಳಿಸದ ಹಾಗೆ ಪಕ್ಕದಲ್ಲೇ ಬಂದರು. ಎರಡನೇ ಸಲ ಜೋರಾಗಿ ಹೇಳಿದೆ, "ಮೇಷ್ಟ್ರೇ, ಇಬ್ಬರಲ್ಲಿ ಒಬ್ಬರಾದರೂ ಮಾಡಬೇಕು." ಅವರು ನನ್ನ ಭುಜ ಮುಟ್ಟಿ ಮುಂದೆ ಹೋದರು. ಅವರ ಹಳದಿ ಅಂಗಿ ಮೇಲ್ಸೇತುವೆ ಏರಿ, ನೆತ್ತಿಯಲ್ಲಿ ಒಂದು ಚುಕ್ಕಿಯಾಗಿ, ಆ ಕಡೆ ಇಳಿದು ಹೋಯಿತು.

ಸೇತುವೆಯ ಏರು ಶುರುವಾಗೋ ಮುಂಚೆ ನಾನು ನಡೆದೆ. ಒಂದು ನಿಮಿಷ, ಅಷ್ಟೇ. ಸೊಂಟದ ಮೇಲೆ ಕೈ ಇಟ್ಟು, ನೆಲ ನೋಡುತ್ತಾ. ಗೆಳೆಯ ಸ್ಕೂಟರ್ ನಿಲ್ಲಿಸಿ ಹತ್ತಿರ ಬಂದ. ಏನೂ ಹೇಳಲಿಲ್ಲ. ಸ್ಕೂಟರ್ ಅಲ್ಲೇ ಬಿಟ್ಟು, ಕುಂಟುತ್ತಾ, ನನ್ನ ಪಕ್ಕ ಸೇತುವೆಯವರೆಗೆ ನಡೆದ. "ಇನ್ನ ಆರು ಪ್ಲಾಟ್‌ಫಾರ್ಮ್ ಉಳದಾವ" ಅಂದ. ಶನಿವಾರದಿಂದ ಅವನೂ ಅದೇ ಲೆಕ್ಕ ಇಟ್ಟುಕೊಂಡಿದ್ದ. ನಾನು ಮತ್ತೆ ಓಡಿದೆ.

ಸತ್ತೂರು, ಲಕಮನಹಳ್ಳಿ, ವಿದ್ಯಾಗಿರಿ ನೆನಪಿನಲ್ಲಿ ಚೂರು ಚೂರಾಗಿವೆ. ದೊಡ್ಡ ಆಸ್ಪತ್ರೆಯ ಮುಂದೆ ಎಳನೀರಿನ ರಾಶಿ. ಹಾಲಿನ ಕ್ಯಾನ್ ಕಟ್ಟಿದ ಬೈಕಿನವನೊಬ್ಬ ಸ್ವಲ್ಪ ದೂರ ನನ್ನ ವೇಗಕ್ಕೇ ಗಾಡಿ ಓಡಿಸಿ "ಬಿಡಬ್ಯಾಡ್ರಿ, ಬಂತು ಬಂತು" ಅಂತ ಹೇಳಿ ಹೋದದ್ದು. ಟೋಲ್‌ನಾಕಾ ದಾಟಿದ ಮೇಲೆ ಲೆಕ್ಕ ಹಾಕೋದನ್ನು ಬಿಟ್ಟೆ. ಜುಬಿಲಿ ಸರ್ಕಲ್‌ನಲ್ಲಿ ಮೇಷ್ಟ್ರು ಎರಡೂ ಕೈ ಎತ್ತಿ ನಿಂತಿದ್ದರು. ಗಡಿಯಾರ ಒತ್ತಿದೆ. 4 ಗಂಟೆ 2 ನಿಮಿಷ 11 ಸೆಕೆಂಡ್.

131 ಸೆಕೆಂಡ್ ಜಾಸ್ತಿ. ಹೆಚ್ಚುಕಡಿಮೆ ಕಾಲು ಪ್ಲಾಟ್‌ಫಾರ್ಮ್. ನನ್ನ ಹಳೇ ಸಮಯಕ್ಕಿಂತ ಹದಿನೈದು ನಿಮಿಷ ಕಡಿಮೆ ಅಂತ ಎಲ್ಲರೂ ಹೇಳಿದರು. ಅದು ನಿಜ, ಖುಷಿಯೂ ಆಯಿತು. ಆದರೆ ಅಲ್ಲಿ ಮೆಟ್ಟಿಲ ಮೇಲೆ ಕೂತಾಗ ಕಣ್ಣಲ್ಲಿ ನೀರು ಬಂತು. ಅಷ್ಟು ಬೇಕಾಗಿತ್ತು ನನಗೆ ಅದು. ಮೇಷ್ಟ್ರದ್ದು 3 ಗಂಟೆ 58 ನಿಮಿಷ 50. ಅವರನ್ನು ತಬ್ಬಿಕೊಂಡಾಗ ಮಾತ್ರ ಎದೆ ಹಗುರಾಯಿತು. ಡಾಕ್ಟರಮ್ಮ 4 ಗಂಟೆ 26 ನಿಮಿಷಕ್ಕೆ ನಗುತ್ತಾ ಬಂದರು, ಕೊನೆಯ ಕಿಲೋಮೀಟರ್ ಎಲ್ಲಕ್ಕಿಂತ ವೇಗವಾಗಿ ಓಡಿದ್ದರು. ಮೂವರಲ್ಲಿ ಸರಿಯಾಗಿ ಓಡಿದವರು ಅವರೇ. ಆಮೇಲೆ ನನಗೆ ಬಿಡಿಸಿ ಹೇಳಿದರು. ಇಳಿಜಾರಿನಲ್ಲಿ ಉಸಿರಿಗೆ ಸುಲಭ, ತೊಡೆಗೆ ಕಷ್ಟ. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಾಕುತ್ತೆ, ಒಳಗೊಳಗೇ ಹರಿಯುತ್ತೆ. ಹೋಗುವಾಗ ಉಳಿಸಿದೆ ಅಂದುಕೊಂಡ ಮೂರು ನಿಮಿಷಕ್ಕೆ ತೊಡೆ ಅಲ್ಲೇ ಬೆಲೆ ಕಟ್ಟಿತ್ತು.

ಸಂಜೆ ಗಿರ್ಮಿಟ್ಟು, ಮಿರ್ಚಿ ಭಜಿ. ಎರಡು ದಿನದಿಂದ ತಡೆದುಕೊಂಡಿದ್ದೆ. ಹುಣಸೆ ಬೆಲ್ಲದ ಗೊಜ್ಜು ಹೀರಿದ ಚುರುಮುರಿ ಇನ್ನೂ ಮೆತ್ತಗಾಗೋ ಮುಂಚೆ ತಿನ್ನಬೇಕು. ಪುಟಾಣಿ ಹಿಟ್ಟು ನಾಲಿಗೆಗೆ ಹತ್ತುವಾಗಲೇ ಮಿರ್ಚಿ ಕಚ್ಚಬೇಕು. ಎರಡು ಪ್ಲೇಟ್ ತಿಂದೆ.

ಸೋಮವಾರ

ಏಳುವಾಗಲೇ ಗೊತ್ತಾಯಿತು. ಮೆಟ್ಟಿಲು ಹತ್ತಬಹುದು, ಇಳಿಯೋಕೆ ಆಗಲ್ಲ. ಅವ್ವನ ಮನೆಯ ಆರು ಮೆಟ್ಟಿಲನ್ನು ಹಿಂದುಮುಂದಾಗಿ, ಗೋಡೆ ಹಿಡಿದು ಇಳಿದೆ. ಮೇಷ್ಟ್ರೂ ಹಾಗೇ. ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡೆವು. ಹಾಲನ್ನು ಕಂದು ಬಣ್ಣ ಬರೋವರೆಗೆ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದು. ಊರಿಗೆ ತಗೊಂಡು ಹೋಗೋರು ಬೆಳಿಗ್ಗೆಯೇ ಹೋಗಿ, ಸಂಜೆ ಹೊತ್ತಿಗೆ ಸಾಲು ಉದ್ದ ಆಗುತ್ತೆ.

ರೈಲಿಗೆ ಇನ್ನೂ ಹೊತ್ತಿತ್ತು. ಚಿಗರಿ ಹತ್ತಿ ನವಲೂರಿಗೆ ಹೋದೆವು. ಈ ಸಲ ಕಿಟಕಿ ಪಕ್ಕ ಕೂತಾಗ ವಿದ್ಯಾಗಿರಿಯಿಂದ ಮುಂದಕ್ಕೆ ಬಸ್ಸು ಇಳಿಯುತ್ತಾ ಇರೋದು ನನಗೆ ಗೊತ್ತಾಗುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯನ ಮೊಣಕೈ ತಿವಿದು, ಇಲ್ಲಿ ನೋಡು, ಇಲ್ಲಿ ನೋಡು ಅಂತ ತೋರಿಸಿದೆ.

ಅಜ್ಜ ಅಲ್ಲೇ ಇದ್ದರು. ಬುಟ್ಟಿ ಅರ್ಧ ಖಾಲಿ. ನಾನು ನಡೆದು ಬರುವುದನ್ನು ನೋಡಿಯೇ ಅವರಿಗೆ ಅರ್ಧ ತಿಳಿದಿರಬೇಕು. ಎಷ್ಟು ಹೊತ್ತಾಯಿತು ಅಂತ ಕೇಳಲಿಲ್ಲ.

"ಎಲ್ಲೆ ಇಳದ್ರಿ?" ಅಂದರು.

ರಾಯಾಪುರ ದಾಟಿದ ಮೇಲೆ, ಸೇತುವೆ ಏರು ಶುರುವಾಗೋ ಮುಂಚೆ ಅಂತ ಕೈ ಮಾಡಿ ತೋರಿಸಿದೆ.

ಅಜ್ಜ ಆ ಕಡೆ ನೋಡಿದರು. ರಸ್ತೆ ಅಗಲ ಮಾಡಿದ ಮೇಲೆ ಅಲ್ಲಿ ಈಗ ಬೇಲಿ, ದೀಪದ ಕಂಬ ಬಿಟ್ಟರೆ ಏನೂ ಇಲ್ಲ.

"ಅಲ್ಲೆ ಒಂದ್ ಹುಣಸಿ ಗಿಡ ಇತ್ತು" ಅಂದರು. "ಸೈಕಲ್ ಅದಕ್ಕ ಆನಿಸಿ ಕೂಡ್ತಿದ್ದೆ."

ಆಮೇಲೆ ಬುಟ್ಟಿಯಿಂದ ಒಂದೊಂದೇ ಹಣ್ಣು ಒತ್ತಿ ನೋಡಿ, ಮೈಸೂರು ಮುಟ್ಟೋವರೆಗೂ ಕೆಡದಂಥವನ್ನು ಆರಿಸಿ ತಕ್ಕಡಿಗೆ ಹಾಕಿದರು.